ಹಳೆ ಕಂಪ್ಯೂಟರಿಗೆ ನೆಟ್ ಬರ್ತಿಲ್ವಾ? ಮೊದಲು ತಂತಿ ನೋಡಿ, ಆಮೇಲೆ ತಾರೀಕು ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ನನ್ನನ್ನು ಕರೆಯುವವರಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಹಳೆ ಮೆಷೀನೇ. ಅದಕ್ಕೆ ಕಾರಣವೂ ಇದೆ. ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಪೇಜ್‌ಮೇಕರಿನಲ್ಲಿ, ಹಳೆ ನುಡಿ ಅಕ್ಷರದಲ್ಲಿ ಮಾಡಿಟ್ಟ ಮದುವೆ ಕಾಗದ, ಬಿಲ್ ಬುಕ್ಕುಗಳ ಫೈಲು ರಾಶಿ ಇರುತ್ತವೆ. ಸೊಸೈಟಿಯಲ್ಲಿ ಪ್ರಿಂಟರ್ ಪೋರ್ಟಿಗೆ ಡಾಂಗಲ್ (ಬೀಗದ ಕೈಯಂಥ ಪುಟ್ಟ ತುಂಡು) ಚುಚ್ಚಿದರೆ ಮಾತ್ರ ತೆರೆಯುವ ಲೆಕ್ಕದ ಸಾಫ್ಟ್‌ವೇರ್ ಇರುತ್ತದೆ. ಶಾಲೆಗೆ ಯಾರೋ ದಾನ ಕೊಟ್ಟ ಡ್ಯುಯಲ್ ಕೋರ್ ಇರುತ್ತದೆ. ಇವರೆಲ್ಲ ಒಂದು ದಿನ ಫೋನ್ ಮಾಡಿ ಕೇಳುವುದು ಒಂದೇ: "ನೆಟ್ ಬರ್ತಾ ಇಲ್ಲ ಮಾರಾಯ್ರೆ, ಈ ಡಬ್ಬಾ ಎಸೆದು ಹೊಸದು ತಗೊಳ್ಳೋದಾ?"

ಎಸೆಯಬೇಡಿ ಅಂತಲೇ ನಾನು ಹೇಳುವುದು. ನೆಟ್ ಬರದೇ ಇರುವುದಕ್ಕೆ ಕಂಪ್ಯೂಟರ್ ಹಳೆಯದಾಗಿದ್ದೇ ಕಾರಣ ಅಂತ ಸುಮ್ನೆ ತೀರ್ಮಾನ ಮಾಡಬಾರದು. ಬಹಳ ಸಲ ಅದು ತಂತಿ, ಬ್ಯಾಟರಿ ಅಥವಾ ಯಾವತ್ತೋ ಯಾರೋ ಹಾಕಿಟ್ಟ ಸೆಟ್ಟಿಂಗ್ ಆಗಿರುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಕೆದಕಲು ಹೋಗಬೇಡಿ. ಕೆಳಗಿನಿಂದ ಒಂದೊಂದೇ ಹಂತ ಹತ್ತಿ, ಎಲ್ಲಿ ನಿಂತಿದೆ ಅಂತ ಹುಡುಕಿ.

ಶುರು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಅದೇ ರೌಟರಿನಲ್ಲಿ ಮನೆಯವರ ಫೋನಿಗೆ ನೆಟ್ ಬರುತ್ತಿದೆಯಾ? ಬರುತ್ತಿಲ್ಲ ಅಂದರೆ ಕಂಪ್ಯೂಟರನ್ನು ಮುಟ್ಟುವ ಕೆಲಸವೇ ಇಲ್ಲ. ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಅನ್ನುವ ದೀಪ ಕೆಂಪಗೆ ಉರಿಯುತ್ತಿದ್ದರೆ ಹೊರಗೆಲ್ಲೋ ಎಳೆ ಕಡಿದಿದೆ, ಇಲ್ಲವೇ ಬೆಳಕು ಬರುತ್ತಿಲ್ಲ. ಅದನ್ನು ಫೈಬರ್ ಕಂಪನಿಯವರೇ ಬಂದು ಸರಿ ಮಾಡಬೇಕು. ಎರಡನೇ ಪ್ರಶ್ನೆ, ಯಾವಾಗಿನಿಂದ ಹೀಗಾಗಿದೆ? "ಮೊನ್ನೆ ಗುಡುಗು ಬಂತಲ್ಲ, ಆವತ್ತಿಂದ" ಅನ್ನುವುದಕ್ಕೂ "ಹೊಸ ಫೈಬರ್ ಹಾಕಿಸಿದ ಮೇಲೆ" ಅನ್ನುವುದಕ್ಕೂ ದಾರಿಯೇ ಬೇರೆ.

ಗುಡುಗಿನ ವಿಷಯ ಮೊದಲು ಹೇಳುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಬರುವ ಗುಡುಗು ಮಳೆಗೆ ಹೋಗುವಷ್ಟು ಲ್ಯಾನ್ ಪೋರ್ಟ್ (ನೆಟ್ ತಂತಿ ಚುಚ್ಚುವ ಕಿಂಡಿ) ಬೇರೆ ಯಾವುದಕ್ಕೂ ಹೋಗುವುದಿಲ್ಲ. ಸಿಡಿಲಿನ ಹೊಡೆತ ಫೋನಿನ ತಾಮ್ರದ ತಂತಿಯಲ್ಲಿ ಮೊಡೆಮಿಗೆ ಬರುತ್ತದೆ. ಅಲ್ಲಿಂದ ಲ್ಯಾನ್ ಕೇಬಲಿನಲ್ಲಿ ಕಂಪ್ಯೂಟರಿಗೆ ಇಳಿಯುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ಲ, ಆ ದಾರಿಯಲ್ಲೂ ಬರಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟಿದ ಕೂಡಲೇ ಪ್ಲಗ್ಗು, ಫೋನ್ ತಂತಿ, ಲ್ಯಾನ್ ಕೇಬಲ್ ಮೂರನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಕೀಳಲು ಹೋಗಬೇಡಿ, ಕೈಗೇ ಅಪಾಯ.

ಹೀಗೆ ಹೊಡೆತ ಬಿದ್ದ ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಗುತ್ತದೆ. ವಿಂಡೋಸ್ ಬರುತ್ತದೆ, ಪ್ರಿಂಟ್ ತೆಗೆಯುತ್ತದೆ. ನೆಟ್ ಮಾತ್ರ ಇಲ್ಲ. ಹಿಂದೆ ಲ್ಯಾನ್ ಪೋರ್ಟಿನ ಪುಟ್ಟ ದೀಪ ನೋಡಿ. ಸಾಮಾನ್ಯವಾಗಿ ಎರಡಿರುತ್ತವೆ. ಒಂದು ತಂತಿ ಕೂಡಿದೆ ಅಂತ ಹೇಳುವುದು, ಇನ್ನೊಂದು ಡೇಟಾ ಓಡಾಡುವಾಗ ಮಿಣುಕುವುದು. ಎರಡೂ ಸತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ರೌಟರಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಪೋರ್ಟ್ ಹೋಗಿದೆ ಅಂತ ಅನುಮಾನಪಡಬಹುದು. ಒಂದು ಮಾತು ನೆನಪಿಡಿ: ಎಷ್ಟೋ ಮದರ್‌ಬೋರ್ಡುಗಳಲ್ಲಿ ಕಂಪ್ಯೂಟರ್ ಆಫ್ ಇದ್ದರೂ ಈ ದೀಪ ಉರಿಯುತ್ತದೆ. ದೀಪ ಇದೆ ಅಂದರೆ ತಂತಿ ಸರಿ ಇದೆ ಅಂತ ಮಾತ್ರ ಅರ್ಥ, ವಿಂಡೋಸಿಗೆ ಕಾರ್ಡ್ ಕಾಣುತ್ತಿದೆ ಅಂತ ಅಲ್ಲ.

ಪೋರ್ಟ್ ಹೋಗಿದ್ದರೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಒಂದು ಲ್ಯಾನ್ ಕಾರ್ಡ್ ಸಾಕು. ಅಂಗಡಿಗೆ ಹೋಗುವ ಮೊದಲು ಕ್ಯಾಬಿನೆಟ್ ಬಿಚ್ಚಿ ಸ್ಲಾಟ್ ನೋಡಿ. ಉದ್ದನೆಯ, ಹೆಚ್ಚಾಗಿ ಬಿಳಿ ಬಣ್ಣದ್ದು ಹಳೆ ಪಿಸಿಐ. ಹೆಬ್ಬೆರಳ ತುದಿಯಷ್ಟು ಚಿಕ್ಕದಿದ್ದರೆ ಪಿಸಿಐ ಎಕ್ಸ್‌ಪ್ರೆಸ್. ಒಂದಕ್ಕೆ ಹಾಕುವ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಮೆಷೀನಿಗೆ ರಿಯಲ್‌ಟೆಕ್ 8139 ಚಿಪ್ ಇರುವ ಹಳೆ ಪಿಸಿಐ ಕಾರ್ಡ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅದರ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಸಾಫ್ಟ್‌ವೇರ್, ಎಕ್ಸ್‌ಪಿ ಒಳಗೇ ಇದೆ. ವೇಗ 100 ಎಂಬಿಪಿಎಸ್ ಮಾತ್ರ, ಆದರೆ ಆ ಮೆಷೀನಿಗೆ ಅದು ಧಾರಾಳ. ಹಾಕಿದ ಮೇಲೆ ಬಯೋಸ್ (ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಸತ್ತ ಆನ್‌ಬೋರ್ಡ್ ಲ್ಯಾನನ್ನು ಡಿಸೇಬಲ್ ಮಾಡಿ. ಇಲ್ಲದಿದ್ದರೆ ಕೆಲವು ಮೆಷೀನು ಆನ್ ಆಗುವಾಗ ಅದನ್ನೇ ಹುಡುಕುತ್ತಾ ತಡ ಮಾಡುತ್ತವೆ.

ಮಳೆಗಾಲದ ತೊಂದರೆ ಇನ್ನೊಂದು ಥರ. ಜುಲೈ ತಿಂಗಳ ಥಂಡಿಗೆ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕೂರುತ್ತದೆ. ಒಂದು ದಿನ ಕಾರ್ಡ್ ಕಾಣುತ್ತದೆ, ಮರುದಿನ ಇಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಕಾರ್ಡ್ ಹೊರಗೆ ತೆಗೆಯಿರಿ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆದು, ಮತ್ತೆ ಗಟ್ಟಿಯಾಗಿ ಕೂರಿಸಿ. ಬಾಯಿಂದ ಊದಬೇಡಿ, ಉಗುಳಿನ ತೇವ ಸೇರುತ್ತದೆ.

ಈಗ ತಂತಿ. ಇದಕ್ಕೆ ಜನ ಸಮಯವೇ ಕೊಡುವುದಿಲ್ಲ, ಆದರೆ ನನ್ನ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಇಲ್ಲೇ. ಅಟ್ಟದ ಮೇಲೆ ಹಾದುಹೋದ ಕೇಬಲನ್ನು ಇಲಿ ಕಡಿದಿರುತ್ತದೆ. ಬಾಗಿಲ ಸಂದಿಯಲ್ಲಿ ನುಗ್ಗಿಸಿದ್ದು ಜಜ್ಜಿರುತ್ತದೆ. ಜ್ಯಾಕಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಮೇಜು ಅಲ್ಲಾಡಿದಾಗಲೆಲ್ಲ ಸಂಪರ್ಕ ತಪ್ಪುತ್ತಿರುತ್ತದೆ. ಅಗ್ಗದ ಕೇಬಲಿನೊಳಗೆ ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಇರುತ್ತದೆ, ಎರಡು ಸಲ ಬಗ್ಗಿಸಿದರೆ ಒಳಗೇ ತುಂಡಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಸರಿ ಇದೆ ಅಂತ ಖಾತ್ರಿ ಇರುವ ಒಂದು ಗಿಡ್ಡ ಕೇಬಲ್ ಯಾವಾಗಲೂ ಬೇರೆ ಇಟ್ಟುಕೊಂಡಿರಿ. ಕಂಪ್ಯೂಟರನ್ನೇ ಹೊತ್ತು ರೌಟರ್ ಹತ್ತಿರ ಇಟ್ಟು ಅದರಲ್ಲಿ ಪರೀಕ್ಷೆ ಮಾಡಿ.

ಜ್ಯಾಕ್ ಹೊಸದಾಗಿ ಹಾಕಬೇಕಾದರೆ ಅದನ್ನು ತಂತಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಬೇಕು. ಮೇಲಿನ ಸಿಪ್ಪೆ ಸುಲಿಯುವಾಗ ಒಳಗಿನ ಎಳೆಗೆ ಗಾಯ ಆಗಬಾರದು. ಜ್ಯಾಕಿನ ನಾಲಿಗೆ ಕೆಳಗೆ, ಹಿತ್ತಾಳೆ ಬಣ್ಣದ ಪಿನ್ನು ಮೇಲೆ, ಕೇಬಲ್ ನಿಮ್ಮ ಕಡೆ ಬರುವಂತೆ ಹಿಡಿದು, ಎಡದಿಂದ ಬಲಕ್ಕೆ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಆಚೆ ಈಚೆ ಬೇರೆಯಾಗುವುದು ಸರಿಯೇ, ಅದನ್ನು "ನೆಟ್ಟಗೆ" ಮಾಡಲು ಹೋಗಬೇಡಿ. ಎಳೆಗಳ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಎಂಟೂ ಎಳೆ ಜ್ಯಾಕಿನ ತುದಿ ಮುಟ್ಟಿರಬೇಕು. ಹೊರಗಿನ ಸಿಪ್ಪೆಯೂ ಜ್ಯಾಕಿನೊಳಗೆ ಹೋಗಿ ಅಲ್ಲಿನ ಹಿಡಿಕೆಯಲ್ಲಿ ಸಿಕ್ಕಿಕೊಳ್ಳಬೇಕು. ಆಗ ಮಾತ್ರ ಎಳೆದರೂ ಕಿತ್ತು ಬರುವುದಿಲ್ಲ. ರೌಟರಿನಿಂದ ಕಂಪ್ಯೂಟರಿಗೆ ತಂತಿಯ ಉದ್ದ 100 ಮೀಟರ್ ದಾಟಬಾರದು. ಮನೆಯಿಂದ ತೋಟದ ಗೋದಾಮಿಗೆ ಎಳೆಯುವವರು ಇದನ್ನು ಮೊದಲೇ ಅಳೆದುಕೊಳ್ಳಿ.

ಹೊಸ ಲ್ಯಾಪ್‌ಟಾಪಿಗೆ ಬಾರದ ನೆಟ್ ಅದೇ ತಂತಿಯಲ್ಲಿ ಹಳೆ ಮೆಷೀನಿಗೆ ಬರುವುದೂ ಉಂಟು. 100 ಎಂಬಿಪಿಎಸ್ ಕಾರ್ಡಿಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ನೀಲಿಯೋ ಕಂದೋ ತುಂಡಾಗಿದ್ದರೆ ಹಳೆಯದು ಆರಾಮಾಗಿ ನಡೆಯುತ್ತದೆ, ಹೊಸದು ಒದ್ದಾಡುತ್ತದೆ.

ತಂತಿ ಸರಿ, ದೀಪವೂ ಇದೆ. ಈಗ ವಿಂಡೋಸ್ ಒಳಗೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ ಅನ್ನುವ ಸಾಲಿನಲ್ಲಿ ಕಾರ್ಡಿನ ಮೇಲೆ ಎಕ್ಸ್‌ಪಿಯಲ್ಲಿ ಕೆಂಪು ಗುಣಿಸು ಗುರುತು ಅಥವಾ ವಿಂಡೋಸ್ 7ರಲ್ಲಿ ಕೆಳಮುಖ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಒತ್ತಿ. ಹಳದಿ ಗುರುತು ಇದ್ದರೆ ಸಾಮಾನ್ಯವಾಗಿ ಡ್ರೈವರ್ ಇಲ್ಲ ಅಥವಾ ಸರಿಯಿಲ್ಲ. ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ ಸಂಖ್ಯೆ 8086 ಇದ್ದರೆ ಇಂಟೆಲ್, 1106 ಇದ್ದರೆ ವಿಯಾ, 10ಇಸಿ ಇದ್ದರೆ ರಿಯಲ್‌ಟೆಕ್. ಅದರ ಮುಂದಿನ ಡಿವೈಸ್ ಸಂಖ್ಯೆಯನ್ನೂ ಬರೆದುಕೊಂಡು ಆ ಚಿಪ್ಪಿನ ಡ್ರೈವರನ್ನೇ ಹುಡುಕಿ. ನೆಟ್ ಇಲ್ಲದ ಮೆಷೀನಿಗೆ ಡ್ರೈವರ್ ತರುವುದು ಹೇಗೆ ಅಂದರೆ, ವಿಂಡೋಸ್ 7 ಆದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ. ಎಕ್ಸ್‌ಪಿ ಆದರೆ ಬೇರೆ ಮೆಷೀನಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತನ್ನಿ. ಪೆನ್ ಡ್ರೈವ್ ಫ್ಯಾಟ್ 32 ಆಗಿರಲಿ.

ಕಾರ್ಡಿನ ಪ್ರಾಪರ್ಟೀಸಿನಲ್ಲೇ ಪವರ್ ಮ್ಯಾನೇಜ್‌ಮೆಂಟ್ ಪುಟ ಇದ್ದರೆ, ಕರೆಂಟ್ ಉಳಿಸಲು ಕಾರ್ಡನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದುಬಿಡಿ. ಊಟ ಮುಗಿಸಿ ಬಂದಾಗ ನೆಟ್ ಹೋಗಿರುವ ತೊಂದರೆ ಇದರಿಂದ ಎಷ್ಟೋ ಕಡೆ ನಿಂತಿದೆ.

ಮುಂದೆ ಕಪ್ಪು ಪರದೆ. ರನ್ ಬಾಕ್ಸಿನಲ್ಲಿ ಸಿಎಂಡಿ ಅಂತ ಇಂಗ್ಲಿಷಿನ ಮೂರಕ್ಷರ ಹೊಡೆದು ಎಂಟರ್ ಒತ್ತಿ. ಅಲ್ಲಿ ಐಪಿಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಐಪಿ ಅಡ್ರೆಸ್ 169.254 ಅಂತ ಶುರುವಾದರೆ ರೌಟರ್ ಕಂಪ್ಯೂಟರಿಗೆ ನಂಬರ್ ಕೊಟ್ಟಿಲ್ಲ, ಕಂಪ್ಯೂಟರೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ರೌಟರ್ ಆಫ್ ಮಾಡಿ ಆನ್ ಮಾಡಿ, ತಂತಿ ಮತ್ತೆ ನೋಡಿ. 192.168 ಅಂತ ಶುರುವಾಗಿ, ಡೀಫಾಲ್ಟ್ ಗೇಟ್‌ವೇ ಎದುರು ರೌಟರಿನ ನಂಬರ್ ಇದ್ದರೆ ಒಂದು ದೊಡ್ಡ ಹಂತ ದಾಟಿದಿರಿ.

ಹೊಸ ಫೈಬರ್ ಹಾಕಿಸಿದ ಮೇಲೆ ಹಳೆ ಮೆಷೀನಿಗೆ ಮಾತ್ರ ನೆಟ್ ಇಲ್ಲ ಅನ್ನುವವರಿಗೆ ಕಾರಣ ಇಲ್ಲೇ ಸಿಗಬಹುದು. ಹಿಂದೆ ಸೈಬರ್ ಕೆಫೆ ಕಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಕೈಯಾರೆ ಐಪಿ ಹಾಕುವ ರೂಢಿ ಇತ್ತು. ಹೊಸ ರೌಟರಿನ ನಂಬರ್ ಬೇರೆ ಇದ್ದಾಗ ಆ ಹಳೆ ಗೇಟ್‌ವೇ ಕೆಲಸಕ್ಕೆ ಬರುವುದಿಲ್ಲ. ಲೋಕಲ್ ಏರಿಯಾ ಕನೆಕ್ಷನ್ನಿನ ಪ್ರಾಪರ್ಟೀಸಿಗೆ ಹೋಗಿ, ಟಿಸಿಪಿ ಐಪಿ ಸಾಲು ತೆರೆದು, ಐಪಿ ಮತ್ತು ಡಿಎನ್‌ಎಸ್ ಎರಡನ್ನೂ ಆಟೋಮ್ಯಾಟಿಕ್ ಮಾಡಿ. (ಸೈಟಿನ ಹೆಸರಿಗೆ ಅದರ ನಂಬರ್ ಹುಡುಕಿಕೊಡುವುದೇ ಡಿಎನ್‌ಎಸ್.) ಹಳೆಯ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಬದಲಿಸಿ. ಪ್ರಿಂಟರ್ ಹಂಚಿಕೆಗೆ ಅದೇ ನಂಬರ್ ಬೇಕಾಗಿರಬಹುದು.

ಡೆಸ್ಕ್‌ಟಾಪಿನಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಐಕಾನ್ ಇನ್ನೂ ಇದೆಯಾ? ಈಗಿನ ರೌಟರುಗಳು ತಾವೇ ಡಯಲ್ ಮಾಡಿಕೊಳ್ಳುವುದರಿಂದ ಸಾಮಾನ್ಯವಾಗಿ ಅದು ಬೇಕಿಲ್ಲ. ಇನ್ನೂ ಹಳೆ ಪದ್ಧತಿಯಲ್ಲೇ ಇರುವವರಿಗೆ ಎರರ್ ನಂಬರೇ ದಾರಿ ತೋರಿಸುತ್ತದೆ. 691 ಬಂದರೆ ಪಾಸ್‌ವರ್ಡ್ ತಪ್ಪು ಅಥವಾ ಖಾತೆ ನಿಂತಿದೆ. 678 ಅಥವಾ 651 ಬಂದರೆ ಆ ಕಡೆಯಿಂದ ಉತ್ತರವೇ ಇಲ್ಲ, ಲೈನು ಮತ್ತು ಮೊಡೆಮ್ ನೋಡಿ. 769 ಬಂದರೆ ಲ್ಯಾನ್ ಕಾರ್ಡೇ ಡಿಸೇಬಲ್ ಆಗಿರುವ ಸಾಧ್ಯತೆ ಜಾಸ್ತಿ.

ಆಮೇಲೆ ಅದೇ ಕಪ್ಪು ಪರದೆಯಲ್ಲಿ ಪಿಂಗ್, ಅಂದರೆ ಆ ಕಡೆಯಿಂದ ಉತ್ತರ ಬರುತ್ತದೆಯಾ ಅಂತ ಕೂಗಿ ನೋಡುವುದು. ಮೊದಲು ಗೇಟ್‌ವೇ ನಂಬರಿಗೆ, ಆಮೇಲೆ ಗೂಗಲ್ಲಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ದೊಡ್ಡ ವೆಬ್‌ಸೈಟಿನ ಹೆಸರಿಗೆ. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್ ತೊಂದರೆ, 8.8.8.8 ಅಥವಾ 1.1.1.1 ಅಂತ ಕೈಯಾರೆ ಹಾಕಿ. ಎಲ್ಲಕ್ಕೂ ಉತ್ತರ ಬಂದು ಪುಟ ಮಾತ್ರ ತೆರೆಯದಿದ್ದರೆ ಇಂಟರ್ನೆಟ್ ಆಪ್ಷನ್ಸಿನ ಲ್ಯಾನ್ ಸೆಟ್ಟಿಂಗಿನಲ್ಲಿ ಪ್ರಾಕ್ಸಿಗೆ (ನೆಟ್ಟನ್ನು ಬೇರೆ ಮೆಷೀನಿನ ಮೂಲಕ ಸುತ್ತಿಸುವ ಸೆಟ್ಟಿಂಗಿಗೆ) ಟಿಕ್ ಬಿದ್ದಿದೆಯಾ ನೋಡಿ. ವೈರಸ್ ತೆಗೆದ ಮೇಲೂ ಅದು ಹಾಕಿದ ಪ್ರಾಕ್ಸಿ ಉಳಿದುಕೊಂಡಿರುತ್ತದೆ. ಕೆಲವು ಸೈಟು ತೆರೆದು ಕೆಲವು ಅರ್ಧಕ್ಕೆ ನಿಂತರೆ ರೌಟರಿನಲ್ಲಿ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಅಳತೆ) 1500 ಇದ್ದದ್ದನ್ನು 1492 ಮಾಡಿ ನೋಡಿ.

ಈಗ ತಾರೀಕಿನ ವಿಷಯ. ಪರದೆಯ ಬಲಮೂಲೆಯ ಗಡಿಯಾರ ನೋಡಿ. ಇಸವಿ 2005ರದ್ದೋ 2009ರದ್ದೋ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ತಾರೀಕು ನೆನಪಿಡುವ ಸಿಮಾಸ್ ಬ್ಯಾಟರಿ ಮುಗಿದಿದೆ. ಪ್ರತಿ ಸೈಟೂ ತನ್ನ ಗುರುತಿಗೆ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ ಶುರುವಿನ ದಿನ, ಕೊನೆಯ ದಿನ ಇರುತ್ತವೆ. ನಿಮ್ಮ ಮೆಷೀನಿನ ಪ್ರಕಾರ ಆ ಶುರುವಿನ ದಿನ ಇನ್ನೂ ಬಂದೇ ಇಲ್ಲ! ಹಾಗಾಗಿ ಬ್ರೌಸರ್ ತಡೆಯುತ್ತದೆ. ಸಿಆರ್ 2032 ಅಂತ ಕೇಳಿ, ನಾಣ್ಯದ ಆಕಾರದ 3 ವೋಲ್ಟಿನ ಬ್ಯಾಟರಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಒತ್ತಿ ಹಳೆಯದನ್ನು ತೆಗೆದು, ಅಕ್ಷರ ಇರುವ ಮುಖ ಮೇಲೆ ಬರುವಂತೆ ಕೂರಿಸಿ. ಆಮೇಲೆ ಬಯೋಸಿನಲ್ಲಿ ತಾರೀಕು ಸರಿ ಮಾಡಿ. ವಿಂಡೋಸಿನಲ್ಲಿ ಟೈಮ್ ಜೋನ್ 5:30 ಇದೆಯಾ ಅಂತಲೂ ನೋಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ನೆಟ್ ಹೋಗುತ್ತದೆ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಈ ಬ್ಯಾಟರಿ ಇರುತ್ತದೆ.

ತಾರೀಕು ಸರಿ ಇದ್ದೂ ಪುಟ ತೆರೆಯದಿದ್ದರೆ ಬ್ರೌಸರ್ ಹಳೆಯದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಈಗಿನ ಸೈಟುಗಳು ಕೇಳುವ ಟಿಎಲ್‌ಎಸ್ 1.2 ಅನ್ನುವ ಬೀಗದ ಭಾಷೆ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಗೊತ್ತೇ ಇಲ್ಲ. ಅದರ ಮೇಲೆ, ಬಹಳ ಸೈಟುಗಳು ನಂಬಿಕೊಂಡಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆವತ್ತಿನಿಂದ ಎಷ್ಟೋ ಹಳೆ ಮೆಷೀನುಗಳಲ್ಲಿ ಎಚ್ಚರಿಕೆಯ ಪುಟಗಳು ಬರತೊಡಗಿದವು. ವಿಂಡೋಸ್ 7ರಲ್ಲಿ ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿ ಹಾಕಿದರೆ ತುಂಬಾ ಸೈಟು ತೆರೆಯುತ್ತವೆ. ಫೈರ್‌ಫಾಕ್ಸ್ ತನ್ನ ಸರ್ಟಿಫಿಕೇಟುಗಳನ್ನು ತಾನೇ ಇಟ್ಟುಕೊಳ್ಳುತ್ತದೆ, ವಿಂಡೋಸನ್ನು ಕೇಳುವುದಿಲ್ಲ. ಎಕ್ಸ್‌ಪಿಗೆ ಫೈರ್‌ಫಾಕ್ಸ್ 52 ಕೊನೆಯದು, ಅದರಲ್ಲಿ ಕೆಲವು ಮಾತ್ರ. ಬ್ಯಾಂಕು, ಪಹಣಿ, ತೆರಿಗೆ, ಮೇಲ್ ಇವನ್ನು ಎಕ್ಸ್‌ಪಿಯಲ್ಲಿ ತೆರೆಯಲೇಬೇಡಿ. ಇದನ್ನು ನಾನು ಗಿರಾಕಿಗಳಿಗೆ ಬೇಜಾರಾದರೂ ಹೇಳುತ್ತೇನೆ. ಆ ಕೆಲಸಕ್ಕೆ ಕೈಯಲ್ಲಿರುವ ಫೋನೇ ಎಷ್ಟೋ ಸುರಕ್ಷಿತ.

ವೈಫೈ ಇರುವ ಹಳೆ ಲ್ಯಾಪ್‌ಟಾಪಿನವರಿಗೆ ಮೂರು ಮಾತು. ಬದಿಯಲ್ಲಿ ಜಾರಿಸುವ ಪುಟ್ಟ ಸ್ವಿಚ್ ಇದೆಯಾ ನೋಡಿ. ರೌಟರಿನ ಹೆಸರೇ ಕಾಣದಿದ್ದರೆ, ಅದು 5 ಗಿಗಾಹರ್ಟ್ಸಿನಲ್ಲಿ ಮಾತ್ರ ಇರಬಹುದು. ಇಲ್ಲವೇ 2.4ರಲ್ಲಿ ಚಾನೆಲ್ 12 ಅಥವಾ 13ಕ್ಕೆ ಹೋಗಿರಬಹುದು. ಅಮೆರಿಕಕ್ಕೆ ಅಂತ ತಯಾರಾದ ಕಾರ್ಡುಗಳಿಗೆ 11ರವರೆಗೆ ಮಾತ್ರ ಕಾಣುತ್ತದೆ. ರೌಟರಿನಲ್ಲಿ 1, 6, 11ರಲ್ಲಿ ಒಂದನ್ನು ಖಾಯಂ ಮಾಡಿ. ಹೆಸರು ಕಂಡೂ ಸೇರದಿದ್ದರೆ ರೌಟರಿನ ವೈಫೈ ಭದ್ರತೆಯಲ್ಲಿ ಡಬ್ಲ್ಯುಪಿಎ 3 ಬದಲು ಡಬ್ಲ್ಯುಪಿಎ 2 ಇಡಿ. ಎಕ್ಸ್‌ಪಿಯಲ್ಲಿ ಅದಕ್ಕೂ ಸರ್ವಿಸ್ ಪ್ಯಾಕ್ 3 ಹಾಕಿರಬೇಕು.

ಪ್ರೆಸ್ಸಿನವರು ಜಾಸ್ತಿ ಕೇಳುವುದು ಇನ್ನೊಂದು: ಹೊಸ ವಿಂಡೋಸ್ 10 ಮೆಷೀನಿನಿಂದ ಎಕ್ಸ್‌ಪಿಯ ಹಂಚಿದ ಫೋಲ್ಡರ್ ಯಾಕೆ ತೆರೆಯುವುದಿಲ್ಲ? ಎಕ್ಸ್‌ಪಿಗೆ ಗೊತ್ತಿರುವುದು ಫೈಲು ಹಂಚುವ ಹಳೆ ಭಾಷೆ ಎಸ್‌ಎಂಬಿ 1 ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಮೊದಲೇ ಹಾಕಿ ಕೊಡುವುದು ನಿಂತಿತು. ಅದನ್ನು ಮತ್ತೆ ಆನ್ ಮಾಡುವ ಉಪಾಯ ಎಲ್ಲ ಕಡೆ ಸಿಗುತ್ತದೆ. ನಾನು ಮಾಡಿಕೊಡುವುದಿಲ್ಲ. ಇಡೀ ಅಂಗಡಿಯ ಲೆಕ್ಕ ಇರುವ ಮೆಷೀನಿನ ಬಾಗಿಲನ್ನು ಒಂದು ಫೋಲ್ಡರಿಗಾಗಿ ತೆಗೆದಿಡುವುದು ಸರಿಯಲ್ಲ. ಬದಲಿಗೆ ಹೊಸ ಮೆಷೀನಿನಲ್ಲಿ ಫೈಲ್‌ಜಿಲ್ಲಾ ಸರ್ವರ್ (ಎಫ್‌ಟಿಪಿ ಅನ್ನುವ ವಿಧಾನದಲ್ಲಿ ಫೈಲು ಹಂಚುವ ಸಾಫ್ಟ್‌ವೇರ್) ಹಾಕಿ, ಒಂದೇ ಫೋಲ್ಡರಿಗೆ ಬೇರೆ ಪಾಸ್‌ವರ್ಡ್ ಕೊಟ್ಟು, ಫೈರ್‌ವಾಲಿನಲ್ಲಿ ಅಂಗಡಿಯ ಒಳಗಿನ ಸಂಪರ್ಕಕ್ಕೆ ಮಾತ್ರ ಅನುಮತಿ ಕೊಡಿ. ಎಕ್ಸ್‌ಪಿಯ ಮೈ ಕಂಪ್ಯೂಟರ್ ಕಿಟಕಿಯ ಅಡ್ರೆಸ್ ಸಾಲಿನಲ್ಲಿ ಎಫ್‌ಟಿಪಿ ವಿಳಾಸ ಹಾಕಿದರೆ ಫೋಲ್ಡರಿನಂತೆಯೇ ತೆರೆಯುತ್ತದೆ. ಎಕ್ಸ್‌ಪಿಯಲ್ಲಿ ಗೇಟ್‌ವೇ ಖಾಲಿ ಬಿಟ್ಟು ಐಪಿ ಮಾತ್ರ ಕೈಯಾರೆ ಹಾಕಿದರೆ, ಅಂಗಡಿಯೊಳಗೆ ಫೈಲು ಓಡಾಡುತ್ತವೆ, ಹೊರಗಿನ ನೆಟ್ಟಿಗೆ ಅದು ಹೋಗುವುದೇ ಇಲ್ಲ.

ನೆಟ್ ಬರುತ್ತದೆ ಆದರೆ ತೆವಳುತ್ತದೆ ಅಂದರೆ ಕಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ ಸ್ಪೀಡ್ ಮತ್ತು ಡ್ಯುಪ್ಲೆಕ್ಸ್ ನೋಡಿ. ಡೇಟಾ ಎರಡೂ ಕಡೆಗೆ ಒಟ್ಟಿಗೆ ಓಡಿದರೆ ಫುಲ್, ಸರದಿಯಲ್ಲಿ ಓಡಿದರೆ ಹಾಫ್. ಯಾರಾದರೂ 100 ಫುಲ್ ಅಂತ ಖಾಯಂ ಮಾಡಿದ್ದರೆ ಆಟೋಗೆ ತನ್ನಿ. ಒಂದು ಕಡೆ ಖಾಯಂ, ಇನ್ನೊಂದು ಕಡೆ ಆಟೋ ಇದ್ದಾಗ ರೌಟರ್ ಹಾಫ್ ಅಂತ ಲೆಕ್ಕ ಹಾಕಿಕೊಳ್ಳುತ್ತದೆ, ಇಬ್ಬರ ಡೇಟಾ ಡಿಕ್ಕಿ ಹೊಡೆಯುತ್ತದೆ.

ಇಷ್ಟಾದ ಮೇಲೂ ಗೊತ್ತಾಗದಿದ್ದರೆ ಆಂಟಿಎಕ್ಸ್ ಥರದ ಹಗುರ ಲಿನಕ್ಸನ್ನು ಡಿವಿಡಿಗೆ ಅಥವಾ ಪೆನ್ ಡ್ರೈವಿಗೆ ಹಾಕಿ, ಹಾರ್ಡ್ ಡಿಸ್ಕ್ ಮುಟ್ಟದೆ ಅದರಿಂದಲೇ ಮೆಷೀನ್ ಶುರು ಮಾಡಿ. ತೀರಾ ಹಳೆಯದಕ್ಕೆ 32 ಬಿಟ್ ಆವೃತ್ತಿ ಬೇಕು. ಅಲ್ಲಿ ನೆಟ್ ಬಂದರೆ ಕಾರ್ಡು, ತಂತಿ ಎರಡೂ ಗಟ್ಟಿಯಾಗಿವೆ, ವಿಂಡೋಸಿನ ಡ್ರೈವರ್ ಮತ್ತು ಸೆಟ್ಟಿಂಗಿನ ಕಡೆ ಮತ್ತೆ ಹೋಗಿ. ಅಲ್ಲೂ ಬರದಿದ್ದರೆ, ಕೇಬಲ್ ಬದಲಿಸಿ ನೋಡಿದ್ದೂ ಆಗಿದ್ದರೆ, ಹೊಸ ಲ್ಯಾನ್ ಕಾರ್ಡ್ ತನ್ನಿ.